ಹೆಸರು ಬದಲಿಸಿದ ಅರಸರು, ಹೆಸರು ಕೇಳಿದ ಕೇರಿ

೧

ಕದಂಬ, ಗಂಗ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ ಎಂಬ ಹೆಸರುಗಳನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರು. ಪಠ್ಯಪುಸ್ತಕದಲ್ಲಿ ಈ ಹೆಸರುಗಳು ಬೆಟ್ಟದ ಹೆಸರಿನ ಹಾಗೆ, ಹೊಳೆಯ ಹೆಸರಿನ ಹಾಗೆ ಮೊದಲಿನಿಂದಲೂ ಇದ್ದವು ಎಂಬಂತೆ ಬರುತ್ತವೆ. ಶಾಸನ ಓದುವ ಅಭ್ಯಾಸ ಬೆಳೆದ ಮೇಲೆ ನನಗೆ ಕಂಡದ್ದೇ ಬೇರೆ. ಒಂದು ಮನೆತನ ಗದ್ದುಗೆ ಹತ್ತುವಾಗ ಒಂದು ಹೆಸರು. ಕೆಲವು ತಲೆಮಾರು ಕಳೆದ ಮೇಲೆ ಅದೇ ಹೆಸರಿಗೆ ಬೇರೆ ಅರ್ಥ. ಇನ್ನಷ್ಟು ಕಾಲ ಕಳೆದರೆ ಆ ಹೆಸರಿನ ಹಿಂದೆ ಒಬ್ಬ ದೇವರೋ, ಸೂರ್ಯನೋ, ಚಂದ್ರನೋ ಬಂದು ನಿಂತಿರುತ್ತಾನೆ.

ಚರಿತ್ರೆಕಾರರು ಇದನ್ನು ಗಮನಿಸಿಲ್ಲವೆಂದಲ್ಲ. ಗಮನಿಸಿ, ‘ಇದು ಪೌರಾಣಿಕ ವಂಶಾವಳಿ, ನಂಬತಕ್ಕದ್ದಲ್ಲ’ ಅಂತ ಒಂದು ಸಾಲು ಬರೆದು ಮುಂದಿನ ಯುದ್ಧಕ್ಕೆ ಹೋಗಿಬಿಡುತ್ತಾರೆ. ನಿಂತು ಕೇಳಬೇಕಾದ ಪ್ರಶ್ನೆಗಳು ಅಲ್ಲಿಯೇ ಇವೆ. ಹೆಸರು ಬದಲಿಸಿಕೊಳ್ಳುವ ಹಕ್ಕು ಯಾರಿಗಿತ್ತು? ಬದಲಾದ ಹೆಸರನ್ನು ಊರು ಒಪ್ಪುವಂತೆ ಮಾಡಿದ್ದು ಯಾವುದು? ಅದೇ ಕೆಲಸವನ್ನು ನಮ್ಮ ಕೇರಿಗಳು ಮಾಡಿದಾಗ ಏನಾಯಿತು? ದಲಿತ ವಿಮರ್ಶೆ ಎಂದರೆ ಕಥೆ, ಕಾದಂಬರಿ, ಕವಿತೆಗಳನ್ನು ಓದುವ ಒಂದು ಬಗೆ ಎಂದಷ್ಟೇ ತಿಳಿದವರಿಗೆ ಇದು ಹೊರಗಿನ ವಿಷಯ ಅನ್ನಿಸಬಹುದು. ಆದರೆ ಶಾಸನವೂ ಒಬ್ಬ ಕವಿ ಬರೆದ ಪಠ್ಯವೇ. ಯಾರ ಅನ್ನ ಉಂಡು ಬರೆದದ್ದು ಅನ್ನೋದನ್ನ ಮರೆಯದೆ ಓದಬೇಕು, ಅಷ್ಟೆ.

೨

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಐದನೆಯ ಶತಮಾನದ ಒಂದು ಕಲ್ಲುಕಂಬವಿದೆ. ಅದರ ಮೇಲಿನ ಸಂಸ್ಕೃತ ಕಾವ್ಯವನ್ನು ಬರೆದವನು ಕುಬ್ಜನೆಂಬ ಕವಿ. ಕದಂಬರ ಮೊದಲ ಅರಸನ ಹೆಸರು ಅದರಲ್ಲಿ ಮಯೂರಶರ್ಮ. ಬ್ರಾಹ್ಮಣರ ಹುಡುಗ, ಓದಲಿಕ್ಕೆ ಕಂಚಿಗೆ ಹೋದವನು. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಸಂಗಡ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದ. ಅವನ ಮಗನಿಂದ ಮುಂದಕ್ಕೆ ಎಲ್ಲರೂ ‘ವರ್ಮ’ರು. ಶರ್ಮ ಎಂದರೆ ಬ್ರಾಹ್ಮಣ, ವರ್ಮ ಎಂದರೆ ಕ್ಷತ್ರಿಯ. ಆಮೇಲಿನ ಕಾಲದವರು ಮಯೂರಶರ್ಮನನ್ನೂ ಮಯೂರವರ್ಮ ಅಂತಲೇ ಕರೆದರು. ನಮ್ಮ ಬಾಯಲ್ಲಿ ಉಳಿದಿರುವುದೂ ಅದೇ.

ಕದಂಬ ಎಂಬ ಹೆಸರು ಎಲ್ಲಿಂದ ಬಂತು ಎಂಬುದಕ್ಕೆ ಅದೇ ಕಂಬದಲ್ಲಿ ಬಹಳ ಸರಳವಾದ ಉತ್ತರವಿದೆ. ಮನೆಯ ಪಕ್ಕದಲ್ಲಿ ಒಂದು ಕದಂಬದ ಮರವಿತ್ತು, ಅದನ್ನು ಜೋಪಾನ ಮಾಡುತ್ತಿದ್ದರು, ಹಾಗಾಗಿ ಆ ಹೆಸರು. ಹುಣಸೆಮರದ ಮನೆಯವರು, ಬೇವಿನಮರದ ಮನೆಯವರು ಅಂತ ನಾವು ಈಗಲೂ ಕರೆಯುವುದಿಲ್ಲವೇ, ಹಾಗೆ. ಆದರೆ ಆರೇಳು ನೂರು ವರ್ಷ ಕಳೆದ ಮೇಲೆ ಹಾನಗಲ್ಲು, ಗೋವೆಗಳಲ್ಲಿ ಆಳಿದ ಕದಂಬರಿಗೆ ಈ ಮರದ ಕಥೆ ಸಾಕಾಗಲಿಲ್ಲ. ಶಿವನ ಬೆವರಿನ ಹನಿ ಕದಂಬ ಮರದ ಬುಡಕ್ಕೆ ಬಿದ್ದು, ಅದರಿಂದ ಮೂರು ಕಣ್ಣಿನ ವೀರನೊಬ್ಬ ಹುಟ್ಟಿದನೆಂದು ಅವರ ಶಾಸನಗಳು ಹೇಳತೊಡಗಿದವು. ಮರ ಉಳಿಯಿತು, ಅದಕ್ಕೆ ನೀರು ಹೊಯ್ದವರು ಕಾಣೆಯಾದರು.

ಇನ್ನೂ ಒಂದು ಸಂಗತಿ ಇದೆ. ಕದಂಬರು ತಮ್ಮನ್ನು ಮಾನವ್ಯ ಗೋತ್ರದವರು, ಹಾರಿತೀಪುತ್ರರು ಎಂದು ಹೇಳಿಕೊಂಡರು. ಅವರಿಗಿಂತ ಮೊದಲು ಬನವಾಸಿಯನ್ನು ಆಳಿದ ಚುಟುಕುಲದ ಸಾತಕರ್ಣಿಗಳೂ ಮಾನವ್ಯ ಗೋತ್ರದವರೇ, ಹಾರಿತೀಪುತ್ರರೇ. ಕದಂಬರನ್ನು ಸೋಲಿಸಿದ ಬಾದಾಮಿ ಚಾಲುಕ್ಯರೂ ಮಾನವ್ಯ ಗೋತ್ರದವರು, ಹಾರಿತೀಪುತ್ರರು! ಬನವಾಸಿಯ ನೆಲ ಯಾರ ಕೈಗೆ ಬಂತೋ ಗೋತ್ರವೂ ಅವರ ಕೈಗೆ ಬಂತು. ಹಾರಿತೀಪುತ್ರ ಎನ್ನುವುದು ತಾಯಿಯ ಕಡೆಯಿಂದ ಹೇಳುವ ಗುರುತು. ಆ ತಾಯಿಯ ಹೊಟ್ಟೆಯಲ್ಲಿ ಹುಟ್ಟದವರೂ ಅವಳ ಮಕ್ಕಳೆಂದು ಬರೆಸಿಕೊಂಡರು. ಗೋತ್ರ ಅನ್ನೋದು ರಕ್ತದ ಮಾತು ಅಂತ ನಮಗೆ ಹೇಳಿಕೊಟ್ಟವರು ಈ ಕಲ್ಲುಗಳನ್ನು ಒಂದರ ಪಕ್ಕ ಒಂದಿಟ್ಟು ಓದಬೇಕು.

ಚಾಲುಕ್ಯರ ಕಥೆಯೂ ಹೀಗೇ ಬೆಳೆಯಿತು. ಕ್ರಿ.ಶ. ೫೪೩ರ ಬಾದಾಮಿಯ ಬಂಡೆಯ ಶಾಸನದಲ್ಲಿ ಮೊದಲನೆಯ ಪುಲಕೇಶಿ ‘ಚಲಿಕ್ಯ’. ಬೇರೆ ಕಡೆ ಚಲ್ಕ್ಯ, ಚಲುಕ್ಯ. ಕಲ್ಯಾಣದಿಂದ ಆಳಿದವರ ಕಾಲಕ್ಕೆ ದೀರ್ಘ ಎಳೆದು ಚಾಲುಕ್ಯ. ಬೇಸಾಯದ ಸಲಕರಣೆಯೊಂದರ ಹೆಸರಿನಿಂದ ಈ ಮಾತು ಬಂದಿರಬೇಕೆಂಬ ಊಹೆಯೂ ವಿದ್ವಾಂಸರಲ್ಲಿದೆ. ಆದರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ಬಿಲ್ಹಣ ತನ್ನ ‘ವಿಕ್ರಮಾಂಕದೇವಚರಿತ’ದಲ್ಲಿ ಈ ಕುಲದ ಮೂಲಪುರುಷನನ್ನು ಬ್ರಹ್ಮನ ಚುಲುಕದಿಂದ, ಅಂದರೆ ಬೊಗಸೆಯಿಂದ ಹುಟ್ಟಿಸಿದ. ಅದೇ ಕಾಲದ ಶಾಸನಗಳು ಇವರ ಹಿರಿಯರಾದ ೫೯ ಮಂದಿ ಚಕ್ರವರ್ತಿಗಳು ಅಯೋಧ್ಯೆಯಲ್ಲಿ ಆಳಿದರೆಂದು ಲೆಕ್ಕ ಕೊಡುತ್ತವೆ. ಮಲಪ್ರಭೆಯ ದಂಡೆಯಲ್ಲಿ ರಾಜ್ಯ ಕಟ್ಟಿದ ಕುಲಕ್ಕೆ ಸರಯೂ ದಂಡೆಯ ಊರು ಬೇಕಾಯಿತು.

೩

ರಾಷ್ಟ್ರಕೂಟ ಎಂಬ ಹೆಸರಿನ ಬಗ್ಗೆ ನಾವು ಸ್ವಲ್ಪ ಹೆಚ್ಚು ಹೊತ್ತು ಯೋಚಿಸಬೇಕು. ಅದು ಮೊದಲಿಗೆ ಕುಲದ ಹೆಸರಲ್ಲ, ಒಂದು ಹುದ್ದೆಯ ಹೆಸರು. ಗ್ರಾಮಕ್ಕೆ ಗ್ರಾಮಕೂಟನಿದ್ದ ಹಾಗೆ ‘ರಾಷ್ಟ್ರ’ವೆಂಬ ಆಡಳಿತ ಭಾಗಕ್ಕೆ ರಾಷ್ಟ್ರಕೂಟ. ಈಗಿನ ಮಾತಿನಲ್ಲಿ ಒಂದು ಸರ್ಕಾರಿ ಕೆಲಸ. ಆ ಕೆಲಸದಲ್ಲಿದ್ದ ಒಂದು ಮನೆತನ ಎಂಟನೆಯ ಶತಮಾನದಲ್ಲಿ ತನ್ನ ಒಡೆಯರನ್ನೇ ಕೆಳಗಿಳಿಸಿ ಗದ್ದುಗೆ ಹಿಡಿಯಿತು. ಹುದ್ದೆಯ ಹೆಸರೇ ರಾಜವಂಶದ ಹೆಸರಾಯಿತು. ಹತ್ತನೆಯ ಶತಮಾನದ ಹೊತ್ತಿಗೆ ಅದೂ ಸಾಲದಾಗಿ ಯದುವಂಶ ಬಂದು ಸೇರಿತು.

ಈಗ ನಮ್ಮ ಹಳ್ಳಿಗಳಿಗೆ ಬನ್ನಿ. ತೋಟಿ, ತಳವಾರ, ನೀರಗಂಟಿ, ಕುಳವಾಡಿ. ಇವೂ ಹುದ್ದೆಗಳೇ. ಕುಳವಾಡಿ ಹೊಲೆಯರವನು. ಊರಿನ ಗಡಿ ಎಲ್ಲಿದೆ, ಯಾವ ಕಲ್ಲು ಯಾವ ಹೊಲದ್ದು ಎಂಬುದು ಅವನಿಗೆ ಗೊತ್ತು. ಗಡಿಯ ತಂಟೆ ಬಂದರೆ ಅವನ ಮಾತೇ ಸಾಕ್ಷಿ. ಇಷ್ಟು ದೊಡ್ಡ ಜವಾಬ್ದಾರಿಯ ಕೆಲಸ ಅವನಿಗೆ ಗೌರವದ ಮನೆತನದ ಹೆಸರನ್ನು ಯಾಕೆ ಕೊಡಲಿಲ್ಲ? ರಾಷ್ಟ್ರಕೂಟನ ಹುದ್ದೆ ವಂಶವಾಯಿತು, ತೋಟಿಯ ಹುದ್ದೆ ಜಾತಿಯಾಯಿತು. ಹುದ್ದೆಯನ್ನು ಬಿಡುವ ಹಕ್ಕು ಒಬ್ಬನಿಗಿತ್ತು. ಇನ್ನೊಬ್ಬನಿಗೆ ಅದು ಮಗನಿಗೆ, ಮೊಮ್ಮಗನಿಗೆ ಅಂಟಿಕೊಂಡೇ ಬಂತು. ಕರ್ನಾಟಕದಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ಕಾನೂನು ತೆಗೆದುಹಾಕಿದ್ದು ೧೯೬೧ರಲ್ಲಿ. ಹುದ್ದೆ ಹೋದರೂ ಊರಿನವರ ಬಾಯಿಂದ ಹೆಸರು ಬೇಗ ಹೋಗಲಿಲ್ಲ.

ಹೊಯ್ಸಳರದು ಮಲೆನಾಡಿನ ಮೂಲ. ‘ಮಲೆಪರೊಳ್ಗಂಡ’ ಅಂದರೆ ಮಲೆಯ ನಾಯಕರಲ್ಲಿ ಗಂಡುಗಲಿ, ಇದು ಅವರೇ ಹೆಮ್ಮೆಯಿಂದ ಹೊತ್ತ ಬಿರುದು. ಮೂಡಿಗೆರೆ ಹತ್ತಿರದ ಅಂಗಡಿಯಲ್ಲಿ ಜೈನಮುನಿ ‘ಪೊಯ್ ಸಳ’ ಎಂದದ್ದಕ್ಕೆ ಸಳ ಹುಲಿಯನ್ನು ಹೊಡೆದನೆಂಬ ಕಥೆ ಎಲ್ಲರಿಗೂ ಗೊತ್ತು. ಹುಲಿ ಹೊಡೆದ ಕಾಡಿನ ಹುಡುಗನ ಕಥೆ ನನಗೇನೋ ಬಹಳ ಚೆನ್ನಾಗಿಯೇ ಕಾಣುತ್ತದೆ. ಅವರಿಗೆ ಅದು ಸಾಕಾಗಲಿಲ್ಲ. ಅದೇ ಶಾಸನಗಳಲ್ಲಿ ಅವರು ಯದುಕುಲದವರು, ‘ದ್ವಾರಾವತೀಪುರವರಾಧೀಶ್ವರ’ರು. ಅವರ ಜೊತೆ ತಲೆಮಾರುಗಟ್ಟಲೆ ಕಾದಾಡಿದ ದೇವಗಿರಿಯ ಸೇವುಣರೂ ಯದುಕುಲದವರು, ದ್ವಾರಾವತಿಯ ಒಡೆಯರು. ಕೃಷ್ಣೆ ತುಂಗಭದ್ರೆಯರ ನಡುವಿನ ನೆಲಕ್ಕಾಗಿ ಬಡಿದಾಡಿದವರು ಇಬ್ಬರೂ, ದೂರದ ಸಮುದ್ರತೀರದ ಒಂದೇ ಊರನ್ನು ತಮ್ಮದೆಂದು ಬರೆಸಿಕೊಂಡರು.

ವಿಜಯನಗರದ ಸಂಗಮರೂ ಯದುವನ್ನು ಬಿಡಲಿಲ್ಲ. ಮೈಸೂರಿನವರೂ ಬಿಡಲಿಲ್ಲ. ೧೩೯೯ರಲ್ಲಿ ದ್ವಾರಕೆಯಿಂದ ಬಂದ ಇಬ್ಬರು ಅಣ್ಣತಮ್ಮಂದಿರು ಹದಿನಾಡಿನ ಅರಸು ಹೆಣ್ಣುಮಕ್ಕಳನ್ನು ಕಾಪಾಡಿ, ಕಾರುಗಹಳ್ಳಿಯ ಮಾರನಾಯಕನನ್ನು ಕೊಂದು ರಾಜ್ಯ ಕಟ್ಟಿದರೆಂಬುದು ಮನೆತನದ ಕಥೆ. ಚಿಕ್ಕದೇವರಾಜರ (೧೬೭೩–೧೭೦೪) ಕಾಲದಲ್ಲಿ ತಿರುಮಲಾರ್ಯ ‘ಚಿಕ್ಕದೇವರಾಜ ವಂಶಾವಳಿ’ಯನ್ನೇ ಬರೆದ. ಮಾರನಾಯಕ ಈ ಕಥೆಯಲ್ಲಿ ಬರುವುದು ಸಾಯುವುದಕ್ಕೆ ಮಾತ್ರ. ‘ಒಡೆಯ’ ಎಂಬುದಾದರೂ ಅಚ್ಚಗನ್ನಡದ ಮಾತು. ಗೌಡರ ಹಟ್ಟಿಯ ಮುಂದೆ ನಿಂತು ಜೀತದಾಳು ಕೂಗುತ್ತಿದ್ದದ್ದೂ ‘ಒಡೆಯಾ’ ಅಂತಲೇ. ಕೆಳಗೆ ನಿಂತು ಕರೆಯುವವನೊಬ್ಬನಿದ್ದರೆ ಮಾತ್ರ ಆ ಹೆಸರಿಗೆ ಅರ್ಥ. ಅದು ಇಂಗ್ಲಿಷಿನವರ ಕಾಗದಪತ್ರಗಳಲ್ಲಿ ಮನೆತನದ ಹೆಸರಾಗಿ ಗಟ್ಟಿಯಾಯಿತು. ೨೦೧೫ರಲ್ಲಿ ಯದುವೀರ ಅವರನ್ನು ದತ್ತು ತೆಗೆದುಕೊಂಡಾಗ ಅವರ ಹೆಸರಿನಲ್ಲಿದ್ದ ‘ಅರಸ್’ ಹೋಗಿ ‘ಒಡೆಯರ್’ ಬಂತು. ವಂಶವೆನ್ನುವುದು ಹೆಸರಿನಲ್ಲಿ ಮುಂದುವರಿಯುತ್ತದೆಂದು ಅರಮನೆಗೆ ಚೆನ್ನಾಗಿ ಗೊತ್ತು.

ಇದು ನಮ್ಮ ದೇಶದಲ್ಲಿ ಮಾತ್ರ ನಡೆಯುವುದಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನರ ‘ಗೋಥಾ’ ವಿಮಾನಗಳು ಲಂಡನ್ನಿನ ಮೇಲೆ ಬಾಂಬು ಹಾಕುತ್ತಿದ್ದಾಗ ಇಂಗ್ಲೆಂಡಿನ ರಾಜಮನೆತನದ ಹೆಸರು ಸ್ಯಾಕ್ಸ್-ಕೋಬರ್ಗ್-ಗೋಥಾ ಎಂದಿತ್ತು. ೧೯೧೭ರ ಜುಲೈ ೧೭ರಂದು ಐದನೆಯ ಜಾರ್ಜ್ ಒಂದು ಘೋಷಣೆ ಹೊರಡಿಸಿ ವಿಂಡ್ಸರ್ ಎಂಬ ಕೋಟೆಯ ಹೆಸರನ್ನು ಮನೆತನಕ್ಕಿಟ್ಟ. ಒಂದೇ ದಿನದಲ್ಲಿ ಕೆಲಸ ಮುಗಿಯಿತು. ಯಾರೂ ಅವರನ್ನು ಜಾತಿ ಪ್ರಮಾಣಪತ್ರ ಕೇಳಲಿಲ್ಲ.

೪

ಹಾಗಂತ ಕತ್ತಿಯೊಂದೇ ಹೆಸರು ಕೊಡುತ್ತಿರಲಿಲ್ಲ. ಮೊಹರು ಒತ್ತುವವನು ಬೇರೆ ಇದ್ದ. ಬೆಂಗಳೂರನ್ನು ಜಹಗೀರಾಗಿ ಪಡೆದಿದ್ದ, ಚನ್ನಗಿರಿ ಸೀಮೆಯ ಹೊದಿಗೆರೆಯಲ್ಲಿ ೧೬೬೪ರಲ್ಲಿ ಸತ್ತ ಶಹಾಜಿ ಭೋಸಲೆಯ ಮಗ ಶಿವಾಜಿಯನ್ನು ನೋಡಿ. ಕೋಟೆಗಳಿದ್ದವು, ದಂಡಿತ್ತು, ಜನ ಒಪ್ಪಿದ್ದರು. ಆದರೂ ಪಟ್ಟಾಭಿಷೇಕದ ಪ್ರಶ್ನೆ ಬಂದಾಗ ಇವನು ಕ್ಷತ್ರಿಯನಲ್ಲ ಎಂದರು. ಕಾಶಿಯ ಗಾಗಾಭಟ್ಟನನ್ನು ಕರೆಸಬೇಕಾಯಿತು. ಭೋಸಲೆಗಳು ಉದಯಪುರದ ಸಿಸೋದಿಯಾ ವಂಶದವರೆಂದು ವಂಶಾವಳಿ ಸಿದ್ಧವಾಯಿತು, ಮುಂಜಿಯಾಯಿತು, ೧೬೭೪ರ ಜೂನ್ ೬ರಂದು ರಾಯಗಡದಲ್ಲಿ ಪಟ್ಟವಾಯಿತು. ಬಾಬಾಸಾಹೇಬ ಅಂಬೇಡ್ಕರರು ೧೯೪೬ರಲ್ಲಿ ಪ್ರಕಟಿಸಿದ ಶೂದ್ರರ ಮೂಲವನ್ನು ಕುರಿತ ಪುಸ್ತಕದಲ್ಲಿ ಈ ಪ್ರಸಂಗವನ್ನು ವಿಸ್ತಾರವಾಗಿ ಚರ್ಚಿಸಿದ್ದು ಸುಮ್ಮನೆ ಅಲ್ಲ. ಉಪನಯನದ ಕೀಲಿಕೈ ಯಾರ ಹತ್ತಿರ ಇದೆಯೋ ವರ್ಣದ ಕೀಲಿಕೈಯೂ ಅವರ ಹತ್ತಿರವೇ ಇದೆ ಎಂಬುದು ಅವರ ವಾದದ ತಿರುಳು.

ಆ ಮೊಹರಿಗೂ ಗ್ಯಾರಂಟಿ ಇರಲಿಲ್ಲ. ೧೮೯೯ರ ಸುಮಾರಿಗೆ ಅದೇ ವಂಶದ ಹೆಸರು ಹೊತ್ತ ಕೊಲ್ಹಾಪುರದ ಶಾಹು ಮಹಾರಾಜರಿಗೆ ಅವರ ಪುರೋಹಿತನೇ ವೇದೋಕ್ತ ಮಂತ್ರ ಹೇಳಲಿಲ್ಲ, ಶೂದ್ರರಿಗೆ ಹೇಳುವ ಪುರಾಣೋಕ್ತ ಮಂತ್ರ ಸಾಕೆಂದ. ಇನ್ನೂರಿಪ್ಪತ್ತೈದು ವರ್ಷದ ಹಿಂದೆ ಬರೆಸಿದ ವಂಶಾವಳಿ ಒಂದು ಬೆಳಗಿನ ಸ್ನಾನದಲ್ಲಿ ಕರಗಿಹೋಯಿತು. ಶಾಹು ಈ ಅವಮಾನದಿಂದ ಕಲಿತ ಪಾಠ ಮುಖ್ಯವಾದದ್ದು. ಕ್ಷತ್ರಿಯತ್ವದ ಹಕ್ಕಿಗಾಗಿ ಅವರು ಹೋರಾಡಿದ್ದು ನಿಜ. ಅಲ್ಲಿಗೇ ನಿಲ್ಲದೆ ೧೯೦೨ರಲ್ಲಿ ತಮ್ಮ ಸಂಸ್ಥಾನದ ಕೆಲಸಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟರು. ೧೯೨೦ರ ಮಾಣಗಾಂವ್ ಪರಿಷತ್ತಿಗೆ ಬಂದು ತರುಣ ಅಂಬೇಡ್ಕರರ ಪಕ್ಕದಲ್ಲಿ ನಿಂತರು. ಹೆಸರಿನ ಏಣಿ ಅಲುಗಾಡಿದ್ದನ್ನು ಕಂಡ ಅರಸ ಕೆಳಗೆ ನೋಡಿದ ಉದಾಹರಣೆ ಚರಿತ್ರೆಯಲ್ಲಿ ಹೆಚ್ಚು ಸಿಗುವುದಿಲ್ಲ.

ಸಮಾಜಶಾಸ್ತ್ರದವರು ಇದಕ್ಕೆಲ್ಲ ಒಂದು ಮಾತು ಇಟ್ಟುಕೊಂಡಿದ್ದಾರೆ: ಸಂಸ್ಕೃತೀಕರಣ. ಎಂ.ಎನ್. ಶ್ರೀನಿವಾಸ್ ೧೯೫೨ರ ಕೊಡವರ ಮೇಲಿನ ಪುಸ್ತಕದಲ್ಲಿ ಬಳಕೆಗೆ ತಂದದ್ದು. ಕೆಳಗಿನವರು ಮೇಲಿನವರ ಆಚಾರ, ಹೆಸರುಗಳನ್ನು ಹಿಡಿದು ಏಣಿ ಹತ್ತುತ್ತಾರೆ ಎಂಬುದು ಅದರ ಸಾರ. ನನ್ನ ತಕರಾರು ಇಲ್ಲಿದೆ. ಮಯೂರಶರ್ಮನ ಮಕ್ಕಳು ಶರ್ಮವನ್ನು ಬಿಟ್ಟು ವರ್ಮರಾದಾಗ ವರ್ಣದ ಲೆಕ್ಕದಲ್ಲಿ ಅವರು ಇಳಿದರು. ಅದರಿಂದ ಅವರಿಗೇನೂ ನಷ್ಟವಾಗಲಿಲ್ಲ. ಕಾಕುಸ್ಥವರ್ಮ ಗುಪ್ತರಿಗೇ ಹೆಣ್ಣು ಕೊಟ್ಟನೆಂದು ಅದೇ ತಾಳಗುಂದದ ಕಂಬ ಹೇಳುತ್ತದೆ. ಹಾಗಾದರೆ ಹೆಸರನ್ನು ನಡೆಸುವುದು ಬರೀ ಆಚಾರದ ಅನುಕರಣೆಯಲ್ಲ. ನೆಲ ಮತ್ತು ದಂಡು ಕೈಯಲ್ಲಿದ್ದವರಿಗೆ ಇಳಿದರೂ ಏರಿದ ಹಾಗೇ. ಅವು ಎರಡೂ ಇಲ್ಲದವರು ಏರಿದರೂ ಊರು ನಗುತ್ತದೆ. ಅರಸನ ಹೆಸರು ಬದಲಾವಣೆಯನ್ನೂ ಕೇರಿಯವನ ಹೆಸರು ಬದಲಾವಣೆಯನ್ನೂ ಒಂದೇ ಮಾತಿನಲ್ಲಿ ಹೇಳಿದಾಗ ಈ ಅಧಿಕಾರದ ಪ್ರಶ್ನೆಯೇ ಜಾರಿಹೋಗುತ್ತದೆ.

೫

ನಮ್ಮ ಮನೆಯ ವಂಶಾವಳಿಯನ್ನು ನಾನು ಹುಡುಕಿದ್ದು ತಾಲ್ಲೂಕು ಕಚೇರಿಯ ಹಳೆಯ ಪಹಣಿಯಲ್ಲಿ. ಗೌಡರ ಮನೆಗೆ ಹೆಳವರು ಎತ್ತಿನ ಮೇಲೆ ಬಂದು ಏಳೆಂಟು ತಲೆಮಾರು ಹೇಳುತ್ತಿದ್ದುದನ್ನು ದೂರ ನಿಂತು ಕೇಳಿದ್ದೆ. ನಮ್ಮ ಕೇರಿಗೆ ಅವರು ಬಂದದ್ದು ನನಗೆ ನೆನಪಿಲ್ಲ. ನಮಗಿದ್ದದ್ದು ಒಂದು ‘ಬಿನ್’ ಮಾತ್ರ. ಕರಿಯ ಬಿನ್ ಕೆಂಪ ಅಂತ ಬರೆದರೆ ಮುಗೀತು, ಎರಡು ತಲೆಮಾರಿಗೆ ಚರಿತ್ರೆ ನಿಂತಿತು. ಅಪ್ಪ, ಅಯ್ಯ, ಗೌಡ ಯಾವುದೂ ಇಲ್ಲದ ಬೋಳು ಹೆಸರುಗಳು. ನನ್ನ ಸೋದರಮಾವನ ಹೆಸರಿನ ಕೊನೆಗೆ ಮನೆಯವರು ಆಸೆಪಟ್ಟು ‘ರಾಜ’ ಸೇರಿಸಿದ್ದರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅದನ್ನು ಬಿಟ್ಟು ಬರೆದುಕೊಂಡರು. “ನಿಮ್ಗ್ಯಾಕ್ಲಾ ರಾಜ?” ಅಂದರಂತೆ. ಅಜ್ಜ “ಸರಿ ಬುದ್ದಿ” ಅಂದು ಮನೆಗೆ ಬಂದನಂತೆ. ಎರಡಕ್ಷರ. ಹೊಯ್ಸಳರು ಇಡೀ ದ್ವಾರಾವತಿಯನ್ನು ಬರೆಸಿಕೊಂಡ ನಾಡಿನಲ್ಲಿ ನಮ್ಮ ಅಜ್ಜನಿಗೆ ಈ ಎರಡಕ್ಷರ ದಕ್ಕಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸೀಮೆಯ ನಮ್ಮ ಹಿರಿಯರು ಹೊಸ ಹೆಸರು ಕೇಳಿದರು. ಪಂಚಮ, ಹೊಲೆಯ, ಮಾದಿಗ ಎಂಬ ಮಾತುಗಳು ಬೈಗುಳವಾಗಿದ್ದ ಕಾಲ. ಆದಿಕರ್ನಾಟಕ, ಆದಿದ್ರಾವಿಡ ಎಂಬ ಹೆಸರುಗಳು ಸರ್ಕಾರದ ದಾಖಲೆಗೆ ಬಂದವು. ಇದನ್ನು ಅರಸರ ಹೆಸರಿನ ಪಕ್ಕದಲ್ಲಿಟ್ಟು ನೋಡಿ. ಇಲ್ಲಿ ಹುಟ್ಟಿ ಇಲ್ಲಿ ಆಳಿದವರು ತಾವು ಅಯೋಧ್ಯೆಯವರು, ದ್ವಾರಕೆಯವರು, ಹೊರಗಿನಿಂದ ಬಂದವರು ಎಂದು ಬರೆಸಿಕೊಂಡರು. ಊರಿನ ಹೊರಗೆ ಇಟ್ಟಿದ್ದ ಜನ ನಾವು ಇಲ್ಲಿಯವರೇ, ಮೊದಲಿನವರೇ ಎಂದರು. ‘ಆದಿ’ ಎಂಬ ಆ ಎರಡಕ್ಷರದಲ್ಲಿ ದೇವರಿಲ್ಲ, ಚಂದ್ರನಿಲ್ಲ, ನೆಲವಿದೆ. ಇದನ್ನು ಸಂಸ್ಕೃತೀಕರಣವೆಂದು ಕರೆಯಲಿಕ್ಕೆ ನನ್ನ ನಾಲಿಗೆ ಏಳುವುದಿಲ್ಲ.

ಆದರೆ ಆ ಹೆಸರು ಕಾಗದದಲ್ಲಿ ಉಳಿಯಿತೇ ಹೊರತು ಊರು ಹಳೆಯ ಹೆಸರಿನಲ್ಲೇ ಕೂಗುತ್ತಿತ್ತು. ಕಾಗದದಲ್ಲೂ ಒಂದು ತೊಡಕಿತ್ತು. ಒಂದು ಜಿಲ್ಲೆಯಲ್ಲಿ ಆದಿಕರ್ನಾಟಕ ಎಂದರೆ ಹೊಲೆಯರು, ಇನ್ನೊಂದರಲ್ಲಿ ಮಾದಿಗರು. ನೂರು ವರ್ಷ ಇದು ಯಾರಿಗೂ ದೊಡ್ಡ ಸಮಸ್ಯೆಯಾಗಿ ಕಾಣಲಿಲ್ಲ. ಒಳಮೀಸಲಾತಿಯ ಪ್ರಶ್ನೆ ಬಂದಾಗ ಹೆಸರೇ ಸಮಸ್ಯೆಯಾಯಿತು. ೨೦೨೪ರ ಆಗಸ್ಟ್ ೧ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಕರ್ನಾಟಕದಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಮನೆಮನೆ ಸಮೀಕ್ಷೆ ಮಾಡಿಸಿತು. ಮೂಲಜಾತಿ ಹೇಳದೆ ಆದಿಕರ್ನಾಟಕ, ಆದಿದ್ರಾವಿಡ, ಆದಿಆಂಧ್ರ ಎಂದಷ್ಟೇ ಬರೆಸಿದವರು ಸುಮಾರು ೪.೭೫ ಲಕ್ಷ ಸಿಕ್ಕರು. ೨೦೨೫ರ ಆಗಸ್ಟಿನ ವರದಿ ಇವರನ್ನೇ ಒಂದು ಬೇರೆ ಗುಂಪು ಮಾಡಿ ಶೇಕಡ ಒಂದನ್ನು ಸೂಚಿಸಿತು. ಸರ್ಕಾರ ಅದೇ ತಿಂಗಳು ಐದು ಗುಂಪನ್ನು ಮೂರು ಮಾಡಿ ಆರು, ಆರು, ಐದು ಎಂದು ಹಂಚಿತು. ಗಾಯ ಮುಚ್ಚಲು ಹೊದ್ದ ಹೆಸರು ಲೆಕ್ಕಕ್ಕೆ ಬಂದಾಗ ಮುಖವನ್ನೂ ಮುಚ್ಚಿತ್ತು. ಮೂಲಜಾತಿ ಹೇಳಿ ಎಂದು ಸಮೀಕ್ಷೆಯವರು ಬಾಗಿಲಿಗೆ ಬಂದಾಗ, ಬಾಡಿಗೆ ಮನೆಯಲ್ಲಿರುವವನೊಬ್ಬ ಯಾಕೆ ತಡವರಿಸುತ್ತಾನೆ ಎಂಬುದು ಮಾಲೀಕನ ಮುಂದೆ ಜಾತಿ ಹೇಳಿ ಮನೆ ಕಳೆದುಕೊಂಡವರಿಗೆ ಗೊತ್ತು. ಅವನನ್ನು ಬೈಯುವುದು ಸುಲಭ.

೬

ಈಗ ನಮ್ಮ ಮುಂದೆ ಒಂದು ಆಸೆ ಇದೆ. ನಾವೂ ರಾಜರಾಗಿದ್ದೆವು, ನಮಗೂ ವಂಶಾವಳಿ ಇದೆ ಎಂದು ಬರೆಯುವ ಆಸೆ. ಇಂಥ ಪುಸ್ತಕಗಳು ಪ್ರತಿಯೊಂದು ಜಾತಿಯಲ್ಲೂ ಬರುತ್ತಿವೆ, ನಮ್ಮಲ್ಲೂ ಬರುತ್ತಿವೆ. ಅದರ ಹಿಂದಿನ ಹಸಿವು ನನಗೆ ಅರ್ಥವಾಗುತ್ತದೆ. ‘ರಾಜ’ ಕಳೆದುಕೊಂಡ ಮನೆಯವನು ನಾನು. ಆದರೂ ಈ ದಾರಿ ಬೇಡ ಅನ್ನಿಸುತ್ತದೆ. ಅರಸರ ವಂಶಾವಳಿಯ ಕೆಲಸವೇ ಮರೆಸುವುದು. ಮರವನ್ನು, ಮಲೆಯನ್ನು, ಹುದ್ದೆಯನ್ನು, ಜೊತೆಗಿದ್ದವರನ್ನು ಮರೆಸಿ ಒಂದೇ ಗೆರೆ ಎಳೆಯುವುದು. ಆ ಗೆರೆಯಲ್ಲಿ ನಮಗೆ ಜಾಗ ಸಿಗಬೇಕಾದರೆ ನಮ್ಮ ಹಿಂದೆ ಯಾರನ್ನೋ ಹೊರಗಿಡಬೇಕಾಗುತ್ತದೆ.

ಬೇರೊಂದು ಮಾದರಿ ಕನ್ನಡದಲ್ಲೇ ಇದೆ. ಕಲ್ಯಾಣದ ಚಾಲುಕ್ಯರು ಅಯೋಧ್ಯೆಯ ಲೆಕ್ಕ ಕೊಟ್ಟ ಅದೇ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ ತನ್ನ ಹುಟ್ಟನ್ನು ಮಾದಾರ ಚೆನ್ನಯ್ಯನ, ಡೋಹರ ಕಕ್ಕಯ್ಯನ ಮನೆಗಳಿಗೆ ಜೋಡಿಸಿ ವಚನ ಹೇಳಿದ. ಒಂದು ರಾಜ್ಯದ ಬೊಕ್ಕಸ ಕೈಯಲ್ಲಿದ್ದವನು ಚಂದ್ರನನ್ನು ಕೇಳದೆ ಚಪ್ಪಲಿ ಹೊಲಿಯುವವನನ್ನು ತಂದೆಯೆಂದ. ವಂಶಾವಳಿಯ ವ್ಯಾಕರಣವನ್ನೇ ತಿರುಗಿಸಿ ಹಾಕಿದ ಮಾತು ಅದು. ಆದರೆ ಇದನ್ನೂ ಎಚ್ಚರದಿಂದ ಓದಬೇಕು. ಬಸವಣ್ಣನಿಗೆ ಇಳಿಯುವ ಸ್ವಾತಂತ್ರ್ಯವಿತ್ತು, ಮಯೂರಶರ್ಮನ ಮಕ್ಕಳಿಗಿದ್ದ ಹಾಗೆ. ಚೆನ್ನಯ್ಯನ ಹೆಸರಿನ ಹಿಂದಿನ ‘ಮಾದಾರ’ ಮಾತ್ರ ಇವತ್ತಿನವರೆಗೂ ಅಲ್ಲೇ ಇದೆ. ಬಸವಣ್ಣನನ್ನು ಹೊಗಳುವವರು ಅವನು ಆರಿಸಿಕೊಂಡ ತಂದೆಯ ಮನೆಗೆ ಹೆಣ್ಣು ಕೊಡುವ ವಿಚಾರ ಬಂದಾಗ ವಂಶಾವಳಿ ತೆಗೆಯುತ್ತಾರೆ.

ದಾನಶಾಸನಗಳನ್ನು ಓದುವಾಗ ನಾನು ಈಚೆಗೆ ಪ್ರಶಸ್ತಿಯ ಭಾಗವನ್ನು ಬಿಟ್ಟು ಕೊನೆಯ ಸಾಲುಗಳಿಂದ ಶುರುಮಾಡುತ್ತೇನೆ. ಕೊಟ್ಟ ನೆಲದ ಗಡಿ ಹೇಳುವ ಸಾಲುಗಳು. ಮೂಡಲಿಗೆ ಹುತ್ತ, ತೆಂಕಲಿಗೆ ಹುಣಸೆಮರ, ಪಡುವಲಿಗೆ ಕೆರೆಯ ಕೋಡಿ ಎಂಬ ಬಗೆಯಲ್ಲಿ ಬರುತ್ತವೆ. ಹುತ್ತಕ್ಕೂ ಮರಕ್ಕೂ ಜಾಗವಿದೆ, ಆ ನೆಲ ಗೇದವರ ಹೆಸರು ಬಹುಪಾಲು ಇಲ್ಲ. ಆದರೆ ಆ ಹುತ್ತ ಎಲ್ಲಿದೆ ಎಂದು ತೋರಿಸಿದವನು ಒಬ್ಬ ಇರಲೇಬೇಕಲ್ಲ. ನಮ್ಮ ಊರುಗಳಲ್ಲಿ ಆ ಕೆಲಸ ಕುಳವಾಡಿಯದು. ದಲಿತ ವಿಮರ್ಶೆ ಚರಿತ್ರೆಯನ್ನು ಓದುವುದಾದರೆ ಆ ಗಡಿಯ ಸಾಲುಗಳಿಂದ ಓದಲಿ. ಯದುವಿನ ಮನೆತನ ನಮಗೆ ಬೇಡ. ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನಲ್ಲಿ ಗೆದ್ದಲು ತಿನ್ನುತ್ತಿರುವ ‘ಬಿನ್’ಗಳನ್ನು, ‘ಕೋಂ’ ಎಂದು ಗಂಡನ ಹೆಸರಿಗೆ ಕಟ್ಟಿಹಾಕಿದ ನಮ್ಮ ಅಜ್ಜ್ಯಂದಿರ ಹೆಸರುಗಳನ್ನು ಮೊದಲು ನಕಲು ಮಾಡಿಕೊಳ್ಳೋಣ. ಕೇರಿಯ ಹಿರಿಯರು ಬದುಕಿರುವಾಗಲೇ ಎರಡನೆಯ ತಲೆಮಾರಿನ ಆಚೆಗೆ ಯಾರಿದ್ದರು ಎಂದು ಕೇಳಿ ಬರೆದುಕೊಳ್ಳೋಣ. ಮೂರನೆಯ ಹೆಸರು ಸಿಕ್ಕರೆ ಅದು ಕರಿಯ ಅಂತಲೇ ಇರಬಹುದು. ಇದ್ದ ಹಾಗೇ ಬರೆಯೋಣ.